ಅದ್ಭುತ ಕಥೆಗಳ ಹೆಸರುಗಳೂ ಕನ್ನಡದ ನಾಲಗೆಯೂ

(ಲಕ್ಷ್ಮೀ ನಗರದ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಏಕೀಕರಣದ ಮಾತು, ನಾಡುನುಡಿಗಳ ಹಿರಿಮೆಯ ಮಾತು ಬರುವುದು ವಾಡಿಕೆ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ೧೯೫೬ರ ನವೆಂಬರ್ ೧ರಂದು ಒಂದುಗೂಡಿದುವು. ಆದರೆ ನಾಡಿಗೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರ ಅದೇ ದಿನ. ಮನೆ ಕಟ್ಟಿದ ಮೇಲೆ ಹೆಸರಿಗಾಗಿ ಹದಿನೇಳು ವರ್ಷ ಕಾದವರು ನಾವು. ಆದುದರಿಂದ ಈ ದಿನ ಹೆಸರುಗಳನ್ನು ಕುರಿತು ನಾಲ್ಕು ಮಾತನಾಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ನಾನು ಆರಿಸಿಕೊಂಡಿರುವುದು ನಾಯಕರ ಹೆಸರುಗಳನ್ನಲ್ಲ, ಬೀದಿಗಳ ಹೆಸರುಗಳನ್ನೂ ಅಲ್ಲ. ಅದ್ಭುತ ಕಥೆಗಳಲ್ಲಿ ಬರುವ ಮಾಟಗಾರರು, ರಾಕ್ಷಸರು, ಮಾತನಾಡುವ ಮರಗಳು, ಬಿಲಕ್ಕೆ ಬೀಳುವ ಹುಡುಗಿಯರು – ಇವರ ಹೆಸರುಗಳನ್ನು. ಅವುಗಳನ್ನು ಹೇಗೆ ಉಚ್ಚರಿಸಬೇಕು, ಕನ್ನಡಕ್ಕೆ ತರುವಾಗ ಹಾಗೆಯೇ ಇಡಬೇಕೇ, ಇಲ್ಲವೇ ಬದಲಾಯಿಸಬೇಕೇ ಎಂಬುದು ನನ್ನ ಪ್ರಶ್ನೆ.

ಇದೇನು ಮಕ್ಕಳಾಟದ ವಿಷಯವೆಂದು ಹಿರಿಯರು ನಗಬಹುದು. ನಮ್ಮ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದನ್ನು ಸ್ವಲ್ಪ ನೋಡೋಣ. ಅನ್ನ ಬಡಿಸು, ಬಾಗಿಲು ಹಾಕು, ಹಾಲು ಬಂತೇ, ಚಳಿಗೆ ಸ್ವೆಟರ್ ಹಾಕಿಕೋ – ಇವೆಲ್ಲ ಕನ್ನಡದಲ್ಲಿಯೇ ನಡೆಯುತ್ತವೆ. ರಾತ್ರಿ ಹಾಸಿಗೆಯಲ್ಲಿ ಮಗು ಕಥೆ ಬೇಕೆಂದಾಗ ಮಾತ್ರ ಕೈ ಇಂಗ್ಲಿಷ್ ಪುಸ್ತಕದ ಕಡೆಗೆ ಹೋಗುತ್ತದೆ. ಇಲ್ಲವೇ ಹಿಂದಿ ಧಾರಾವಾಹಿಯ ಕಡೆಗೆ. ಹೀಗೆ ಮಗುವಿನ ಮನಸ್ಸಿನಲ್ಲಿ ಒಂದು ಹಂಚಿಕೆ ಏರ್ಪಡುತ್ತದೆ. ಅಡಿಗೆಮನೆ ಕನ್ನಡದ ಪಾಲಿಗೆ ಬರುತ್ತದೆ. ಏಳು ಸಮುದ್ರಗಳಾಚೆಯ ಊರು, ಹಾರುವ ಕುದುರೆ, ಮಾಯದ ಉಂಗುರ – ಇವೆಲ್ಲ ಬೇರೆ ಭಾಷೆಗಳ ಪಾಲಾಗುತ್ತವೆ. ಕನಸು ಕಾಣಲು ಬಾರದ ಭಾಷೆಯನ್ನು ಯಾವ ಮಗುವೂ ಬಹುಕಾಲ ಪ್ರೀತಿಸಲಾರದು.

ತಾಯ್ತಂದೆಯರನ್ನು ಕೇಳಿದರೆ ಅವರು ಕೊಡುವ ಸಮಾಧಾನ ಒಂದೇ: ‘ಕನ್ನಡದಲ್ಲಿ ಹೇಳೋಣವೆಂದು ಶುರುಮಾಡುತ್ತೇವೆ, ಸ್ವಾಮಿ, ಆ ಹೆಸರುಗಳು ಬಂದ ಕೂಡಲೇ ನಾಲಗೆ ತೊಡರುತ್ತದೆ. ಹೆಸರು ಇಂಗ್ಲಿಷಾದ ಮೇಲೆ ವಾಕ್ಯವೂ ಇಂಗ್ಲಿಷಾಗಿಬಿಡುತ್ತದೆ.’ ಈ ಮಾತಿನಲ್ಲಿ ನಿಜವಿದೆ. ಕಥೆಯ ಮನೆಗೆ ಹೆಸರೇ ಹೊಸ್ತಿಲು. ಅಲ್ಲಿಯೇ ಎಡವಿದರೆ ಒಳಗೆ ಹೋಗುವ ಬಗೆ ಹೇಗೆ? ಆದುದರಿಂದ ಈ ಹೊಸ್ತಿಲನ್ನು ನಮ್ಮ ಹಿರಿಯರು ಹೇಗೆ ದಾಟಿದರೆಂಬುದನ್ನು ಮೊದಲು ಅರಿಯೋಣ.

ನಾವು ಕುಳಿತಿರುವ ಈ ಬಡಾವಣೆಯ ಹೆಸರಿನಿಂದಲೇ ಆರಂಭಿಸೋಣ. ನಾವು ಲಕ್ಷ್ಮೀ ನಗರ ಎನ್ನುತ್ತೇವೆ. ಮೆಟ್ರೋ ರೈಲಿನ ಹಿಂದಿ ಧ್ವನಿ ‘ನಗರ್’ ಎಂದು ಕೊನೆಯ ಅಕಾರವನ್ನು ನುಂಗುತ್ತದೆ. ಇಂಗ್ಲಿಷ್ ಫಲಕದಲ್ಲಿ ದೇವಿಯ ಹೆಸರಿನ ‘ಕ್ಷ್’ ಎಂಬ ಒತ್ತಕ್ಷರವು ‘ಎಕ್ಸ್’ ಎಂಬ ಒಂದೇ ಅಕ್ಷರವಾಗಿ ಕುಳಿತಿದೆ. ನೆರೆಯ ಬಂಗಾಳಿ ತಾಯಿಯು ಅದೇ ದೇವಿಯನ್ನು ‘ಲೊಕ್ಖಿ’ ಎಂದು ಪೂಜಿಸುವಳು. ತಮಿಳು ಕಾವ್ಯಭಾಷೆಯು ‘ಇಲಕ್ಕುಮಿ’ ಎನ್ನುವುದು. ಇನ್ನು ನಮ್ಮ ಹಳ್ಳಿಗಳಲ್ಲಿ ಆಕೆ ಲಕುಮಿ, ಲಕ್ಕಿ, ಲಕ್ಕಮ್ಮ. ಇಷ್ಟು ಬಾಯಿಗಳಲ್ಲಿ ಹೊರಳಿದ ಮಾತ್ರಕ್ಕೆ ದೇವಿಗೆ ಕೋಪ ಬಂದಿತೆಂದು ಯಾವ ಪುರಾಣವೂ ಹೇಳುವುದಿಲ್ಲ.

ಹೀಗೆ ಹೆಸರುಗಳನ್ನು ನಾಲಗೆಗೆ ಒಗ್ಗಿಸಿಕೊಳ್ಳುವುದು ಕನ್ನಡದಲ್ಲಿ ಅಜ್ಞಾನದ ಗುರುತಾಗಿರಲಿಲ್ಲ. ಅದೊಂದು ಶಾಸ್ತ್ರವೇ ಆಗಿತ್ತು. ಸುಮಾರು ೧೨೬೦ರಲ್ಲಿ ಕೇಶಿರಾಜನು ಬರೆದ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವೇ ಇದೆ. ಸಂಸ್ಕೃತದ ಮಾತುಗಳು ಕನ್ನಡಕ್ಕೆ ಬರುವಾಗ ಯಾವ ಅಕ್ಷರ ಯಾವುದಾಗಿ ತಿರುಗುವುದೆಂಬುದನ್ನು ಆತನು ಅಲ್ಲಿ ವಿಚಾರಿಸಿದ್ದಾನೆ. ಆ ದಾರಿಯಲ್ಲಿ ಬ್ರಹ್ಮನು ಬೊಮ್ಮನಾದನು, ಯಮನು ಜವನಾದನು, ಸರಸ್ವತಿಯು ಸರಸತಿಯಾದಳು, ವಿಷ್ಣುವು ಬಿಟ್ಟಿಯಾದನು. ಬೇಲೂರಿನ ದೇವಾಲಯವನ್ನು ಕಟ್ಟಿಸಿದ ಹೊಯ್ಸಳ ವಿಷ್ಣುವರ್ಧನನೇ ಬಿಟ್ಟಿದೇವ. ಎರಡು ಹೆಸರೂ ಒಬ್ಬನದೇ. ಒಂದು ಸಂಸ್ಕೃತದ ಉಡುಪು, ಇನ್ನೊಂದು ಮನೆಯ ಉಡುಪು.

ನಮ್ಮ ರಾಮಾಯಣದ ಪಾತ್ರಗಳೂ ದೇಶದೇಶಗಳಲ್ಲಿ ಹೀಗೆಯೇ ಉಡುಪು ಬದಲಾಯಿಸಿದುವು. ತಮಿಳಿನ ಕಂಬನಲ್ಲಿ ಲಕ್ಷ್ಮಣನು ‘ಇಲಕ್ಕುವನ್’, ವಿಭೀಷಣನು ‘ವೀಡಣನ್’. ಸಯಾಮ್ ದೇಶದ ರಾಮಕಥೆಯಲ್ಲಿ ರಾವಣನನ್ನು ‘ತೋಸಕನ್’ ಎನ್ನುವರು, ದಶಕಂಠನೆಂಬುದರ ರೂಪಾಂತರವದು. ಮಲಯ ಭಾಷೆಯಲ್ಲಿ ‘ಲಕ್ಸಮಾನ’ ಎಂದರೆ ನೌಕಾಪಡೆಯ ಮುಖ್ಯಾಧಿಕಾರಿ. ಅಣ್ಣನ ಜತೆ ಕಾಡಿಗೆ ಹೋದ ತಮ್ಮನ ಹೆಸರು ಕಡಲಾಚೆ ಒಂದು ಪದವಿಯ ಹೆಸರೇ ಆಯಿತು. ಹೆಸರು ಬದಲಾದುದರಿಂದ ಕಥೆ ಕೆಟ್ಟಿತೇ? ಇಲ್ಲ. ಬದಲಾಗಬಲ್ಲದ್ದಾದ್ದರಿಂದಲೇ ಅದು ಅಲ್ಲಲ್ಲಿ ಬೇರೂರಿತು.

ಇಷ್ಟು ಪೀಠಿಕೆಯಾದ ಮೇಲೆ ಉಚ್ಚಾರಣೆಯ ವಿಷಯಕ್ಕೆ ಬರುತ್ತೇನೆ.

ದಿಲ್ಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಮೊದಲ ತೊಡಕು ಪರದೇಶದ ಹೆಸರುಗಳಲ್ಲಿಲ್ಲ, ಸ್ವದೇಶದ ಹೆಸರುಗಳಲ್ಲಿಯೇ ಇದೆ. ೧೯೮೭ರಲ್ಲಿ ದೂರದರ್ಶನದಲ್ಲಿ ರಾಮಾಯಣವೂ ೧೯೮೮ರಲ್ಲಿ ಮಹಾಭಾರತವೂ ಹಿಂದಿಯಲ್ಲಿ ಆರಂಭವಾದಂದಿನಿಂದ ರಾಮನು ರಾಮ್, ರಾವಣನು ರಾವಣ್, ಅರ್ಜುನನು ಅರ್ಜುನ್ ಆಗಿದ್ದಾರೆ. ಈಚೆಗೆ ೨೦೦೮ರಿಂದ ‘ಛೋಟಾ ಭೀಮ್’ ಎಂಬ ಚಿತ್ರಕಥೆಯು ಭೀಮನನ್ನೂ ಹಾಗೆಯೇ ಮಾಡಿದೆ. ಇದು ಹಿಂದಿಯ ತಪ್ಪಲ್ಲ. ಪದದ ಕೊನೆಯ ಅಕಾರವನ್ನು ನುಂಗುವುದು ಆ ಭಾಷೆಯ ಸಹಜ ಗುಣ. ಉಳಿಸಿಕೊಳ್ಳುವುದು ನಮ್ಮ ಭಾಷೆಯ ಸಹಜ ಗುಣ. ನಮ್ಮ ‘ಳ’ಕಾರವೂ ಹಿಂದಿಯಲ್ಲಿ ‘ಲ’ಕಾರವಾಗುತ್ತದೆ. ಕಾಳಿದಾಸನು ಕಾಲಿದಾಸ್ ಆಗುವನು, ತುಳಸಿಯು ತುಲಸೀ ಆಗುವಳು. ನಳನು ‘ನಲ್’ ಆಗುವನು. ಹಿಂದಿಯಲ್ಲಿ ‘ನಲ್’ ಎಂದರೆ ನೀರಿನ ನಲ್ಲಿಯೂ ಹೌದು. ಬೆಳಗಿನ ನೀರಿಗಾಗಿ ಕಾದವರಿಗೆ ದಮಯಂತಿಯ ಆಯ್ಕೆಯಲ್ಲಿ ಔಚಿತ್ಯ ಕಂಡರೂ ಕಾಣಬಹುದು!

ಹಾಗಾದರೆ ಮಗು ‘ಭೀಮ್’ ಎಂದೊಡನೆ ಗದರಬೇಕೇ? ಗದರಕೂಡದು. ಶಾಲೆಯ ಗೆಳೆಯರ ನಡುವೆ ಹಿಂದಿಯಾಡುವಾಗ ‘ಭೀಮ್’ ಸರಿಯಾದ ಮಾತೇ. ಮನೆಯಲ್ಲಿ ಕನ್ನಡದ ಕಥೆ ಹೇಳುವಾಗ ನಾವು ‘ಭೀಮ’ ಎನ್ನಬೇಕು. ‘ಭೀಮನು ಬಂದ, ಭೀಮನಿಗೆ ಹಸಿವು, ಭೀಮನ ಗದೆ’ ಎಂದು ನಾಲ್ಕು ಸಲ ಕಿವಿಗೆ ಬಿದ್ದರೆ ಮಗುವಿಗೆ ಎರಡೂ ರೂಪಗಳು ತಿಳಿಯುತ್ತವೆ. ಯಾವುದು ಎಲ್ಲಿ ಸಲ್ಲುವುದೆಂಬುದನ್ನು ಮಕ್ಕಳು ನಮಗಿಂತ ಬೇಗ ಕಲಿಯುವರು.

ಈಗ ಹೊರದೇಶದ ಹೆಸರುಗಳು. ಇಲ್ಲಿ ನಾವು ಒಂದು ಪಾಠವನ್ನು ಮರೆಯಬಾರದು. ಇಂಗ್ಲಿಷಿನ ಮೂಲಕ ಬಂದ ಉಚ್ಚಾರಣೆಯೇ ಮೂಲವೆಂದು ಭಾವಿಸುವುದು ಸರಿಯಲ್ಲ. ಅರೇಬಿಯದ ಕಥೆಗಳ ದೀಪದ ಹುಡುಗನನ್ನು ಇಂಗ್ಲಿಷಿನವರು ‘ಅಲಾಡಿನ್’ ಎಂದರು. ಕನ್ನಡದಲ್ಲಿ ಅವನು ಅಲ್ಲಾವುದ್ದೀನ. ಅರಬ್ಬೀ ಭಾಷೆಯ ‘ಅಲಾವುದ್ದೀನ್’ಗೆ ಹತ್ತಿರವಾದುದು ನಮ್ಮ ರೂಪವೇ. ಅದೇ ಬಗೆಯಲ್ಲಿ ನಾವಿಕ ಸಿಂದಬಾದನ ಹೆಸರಿನ ನಡುವಣ ದಕಾರವನ್ನು ಇಂಗ್ಲಿಷ್ ಬಿಟ್ಟಿತು, ಕನ್ನಡ ಉಳಿಸಿಕೊಂಡಿತು. ಅಜ್ಜಿಯರ ಉಚ್ಚಾರಣೆಯನ್ನು ಕೇಳಿ ನಗುವ ಮೊಮ್ಮಕ್ಕಳು ಇದನ್ನು ಗಮನಿಸಬೇಕು.

ಇಂಗ್ಲಿಷಿನವರಿಗೇ ತಮ್ಮ ಕಥೆಗಳ ಹೆಸರುಗಳು ತೊಡಕಾಗಿರುವುದುಂಟು. ರೌಲಿಂಗ್ ಎಂಬ ಲೇಖಕಿಯ ಹ್ಯಾರಿ ಪಾಟರ್ ಕಥೆಗಳನ್ನು ನಮ್ಮ ಮಕ್ಕಳು ಬಲ್ಲರು. ಅದರ ಜಾಣೆ ಹುಡುಗಿಯ ಹೆಸರನ್ನು ಎಷ್ಟೋ ಓದುಗರು ಬಾಯಿಗೆ ಬಂದಂತೆ ಓದುತ್ತಿದ್ದರು. ೨೦೦೦ದಲ್ಲಿ ಬಂದ ನಾಲ್ಕನೆಯ ಪುಸ್ತಕದಲ್ಲಿ ಆ ಹುಡುಗಿಯೇ ಪರದೇಶದ ಒಬ್ಬ ಆಟಗಾರನಿಗೆ ತನ್ನ ಹೆಸರನ್ನು ‘ಹರ್–ಮೈ–ಓ–ನೀ’ ಎಂದು ಬಿಡಿಸಿ ಹೇಳಿಕೊಡುತ್ತಾಳೆ. ಆ ಕಥೆಯ ದುಷ್ಟ ಮಾಂತ್ರಿಕನ ಹೆಸರಿನ ಕೊನೆಯ ಟಕಾರವನ್ನು ಉಚ್ಚರಿಸಬಾರದೆಂದು ಲೇಖಕಿ ೨೦೧೫ರಲ್ಲಿ ತಿಳಿಸಿದರು. ಅಷ್ಟರಲ್ಲಿ ಚಲನಚಿತ್ರಗಳ ಮೂಲಕ ಲೋಕವೆಲ್ಲ ‘ವೋಲ್ಡಮಾರ್ಟ್’ ಎಂದು ಟಕಾರವನ್ನು ಒತ್ತಿ ಹೇಳಿ ಆಗಿತ್ತು.

ಟೋಲ್ಕಿನ್ ಎಂಬ ಪಂಡಿತರು ಇದಕ್ಕಿಂತ ಎಚ್ಚರಿಕೆಯವರು. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಬೋಧಿಸುತ್ತಿದ್ದ ಅವರು ೧೯೫೪–೫೫ರಲ್ಲಿ ಉಂಗುರಗಳ ಒಡೆಯನ ಮಹಾಕಥೆಯನ್ನು ಪ್ರಕಟಿಸಿದರು. ಕಥೆಯ ಕೊನೆಗೆ ವ್ಯಾಕರಣದ ಮೇಷ್ಟರಂತೆ ಉಚ್ಚಾರಣೆಯ ನಿಯಮಗಳ ಅನುಬಂಧವನ್ನೂ ಸೇರಿಸಿದರು. ದೇವಜಾತಿಯವರ ಹೆಸರುಗಳಲ್ಲಿ ‘ಸಿ’ ಎಂಬ ಇಂಗ್ಲಿಷ್ ಅಕ್ಷರ ಎಲ್ಲಿ ಬಂದರೂ ಅದು ‘ಕ’ಕಾರವೇ ಹೊರತು ‘ಸ’ಕಾರವಲ್ಲ, ಆದುದರಿಂದ ಅಲ್ಲಿನ ಒಬ್ಬ ಅರಸನು ಕೆಲೆಬೋರ್ನನೇ ಹೊರತು ಸೆಲೆಬೋರ್ನನಲ್ಲ.

ಇಂಥ ಕಡೆಗಳಲ್ಲಿ ಕನ್ನಡದ ಲಿಪಿ ನಮಗೆ ದೊಡ್ಡ ಅನುಕೂಲ. ಇಂಗ್ಲಿಷ್ ಮಗು ಹೆಸರನ್ನು ಕಂಡು ಊಹಿಸಬೇಕು. ಕನ್ನಡದ ಮಗು ಬರೆದುದನ್ನು ಓದಿದರೆ ಸಾಕು. ಒಮ್ಮೆ ಹಿರಿಯರು ವಿಚಾರಿಸಿ ‘ಕೆಲೆಬೋರ್ನ್’ ಎಂದು ಬರೆದಿಟ್ಟರೆ ಸಂಶಯ ಅಲ್ಲಿಗೆ ಮುಗಿಯಿತು. ಎಲ್ಲ ಧ್ವನಿಗಳಿಗೂ ನಮ್ಮಲ್ಲಿ ಅಕ್ಷರಗಳಿವೆಯೆಂದಲ್ಲ. ತುಟಿ–ಹಲ್ಲುಗಳ ನಡುವಣ ಫಕಾರ, ಜೇನಿನ ಗುಂಯ್ಗುಡುವಿಕೆಯಂಥ ಜಕಾರ ನಮ್ಮವಲ್ಲ. ಅಂಥಲ್ಲಿ ಹತ್ತಿರದ ಅಕ್ಷರವನ್ನು ಹಿಡಿದು ಮುಂದೆ ಸಾಗಬೇಕು. ಅತಿಥಿಗೆ ಅವನ ಮನೆಯ ಊಟವನ್ನೇ ಬಡಿಸಲಾಗದು; ನಮ್ಮ ಮನೆಯ ಊಟವನ್ನು ಆದರದಿಂದ ಬಡಿಸಬಹುದು.

ಇನ್ನೊಂದು ತೊಡಕು ವಿಭಕ್ತಿಯದು. ಕನ್ನಡದಲ್ಲಿ ಹೆಸರು ಒಂಟಿಯಾಗಿ ನಿಲ್ಲದು. ಅದಕ್ಕೆ ನು, ಅನ್ನು, ಇಗೆ, ಅಲ್ಲಿ ಎಂಬ ಪ್ರತ್ಯಯಗಳು ಹತ್ತಬೇಕು. ಇಲ್ಲಿಯೂ ಹಿಂದಿನವರು ದಾರಿ ಮಾಡಿಟ್ಟಿದ್ದಾರೆ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಗಳು ಕನ್ನಡದಲ್ಲಿ ಎಕಾರಾಂತವಾಗುವುದು ಹಳೆಯ ಪದ್ಧತಿ: ಸೀತಾ ಎಂಬುದು ಸೀತೆ, ಶಕುಂತಲಾ ಎಂಬುದು ಶಕುಂತಲೆ. ಅದೇ ಹಾದಿಯಲ್ಲಿ ಷೇಕ್ಸ್‌ಪಿಯರನ ಮಿರಾಂಡಾಳನ್ನು ಮಿರಾಂಡೆ ಎಂದರೆ ಆಕೆಯು ಒಡನೆಯೇ ನಮ್ಮ ಮನೆಯ ಹುಡುಗಿಯಾಗುವಳು. ಗಂಡಸರ ಹೆಸರು ವ್ಯಂಜನದಲ್ಲಿ ಮುಗಿದರೆ ಒಂದು ಅಕಾರವನ್ನು ಸೇರಿಸಿದರೆ ಸಾಕು: ಗ್ಯಾಂಡಾಲ್ಫನು ಬಂದನು, ಗ್ಯಾಂಡಾಲ್ಫನಿಗೆ ಕೋಪ ಬಂದಿತು. ಹ್ಯಾರಿಯಂತೂ ನಮ್ಮ ಹರಿಯಂತೆಯೇ ನಡೆಯುವನು: ಹ್ಯಾರಿಯನ್ನು, ಹ್ಯಾರಿಗೆ, ಹ್ಯಾರಿಯ. ಈ ಪ್ರತ್ಯಯಗಳೇ ಪರದೇಶಿ ಹೆಸರಿಗೆ ನಾವು ಕೊಡುವ ಮಣೆ. ಮಣೆಯ ಮೇಲೆ ಕುಳಿತ ಅತಿಥಿಯು ವಾಕ್ಯವನ್ನು ಇಂಗ್ಲಿಷಿಗೆ ಎಳೆದುಕೊಂಡು ಹೋಗಲಾರನು.

ಇದುವರೆಗೆ ಉಚ್ಚಾರಣೆಯಾಯಿತು. ಈಗ ಅನುವಾದದ ಪ್ರಶ್ನೆ. ಎಲ್ಲ ಹೆಸರುಗಳೂ ಬರಿಯ ಗುರುತುಗಳಲ್ಲ. ಅದ್ಭುತ ಕಥೆಯಲ್ಲಿ ಎಷ್ಟೋ ಸಲ ಹೆಸರೇ ಅರ್ಧ ಕಥೆ. ಇದಕ್ಕೆ ಕನ್ನಡದಲ್ಲಿ ಕುವೆಂಪು ಅವರು ಮಕ್ಕಳಿಗಾಗಿ ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅದರ ಮೂಲ ಬ್ರೌನಿಂಗ್ ಕವಿಯು ೧೮೪೨ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವನ. ಅಲ್ಲಿ ಊರು ಜರ್ಮನಿಯ ಹ್ಯಾಮೆಲಿನ್, ನದಿ ವೇಸರ್. ಇಲಿಗಳನ್ನು ಮರುಳುಗೊಳಿಸುವವನು ಬಣ್ಣಬಣ್ಣದ ಅಂಗಿ ತೊಟ್ಟ ಒಬ್ಬ ಕೊಳಲೂದುವವನು. ಕುವೆಂಪು ಅವರ ಕೈಯಲ್ಲಿ ಊರು ಬೊಮ್ಮನಹಳ್ಳಿಯಾಯಿತು, ನದಿ ತುಂಗೆಯಾಯಿತು, ಕೊಳಲಿನವನು ಕಿಂದರಿಯನ್ನು ನುಡಿಸುವ ಜೋಗಿಯಾದನು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ವಾದ್ಯವೂ ಬದಲಾಗಿದೆ. ಕೊಳಲೆಂಬ ಮಾತು ಕನ್ನಡದಲ್ಲಿ ಇಲ್ಲದಿರಲಿಲ್ಲ. ಆದರೆ ಕೊಳಲೆಂದೊಡನೆ ಕನ್ನಡಿಗನಿಗೆ ಕೃಷ್ಣನ ನೆನಪಾಗುತ್ತದೆ. ಕಥೆಗೆ ಬೇಕಾದುದು ಎಲ್ಲಿಂದಲೋ ಬಂದು, ಊರನ್ನು ಬೆರಗುಗೊಳಿಸಿ, ಎಲ್ಲಿಗೋ ಹೋಗುವ ಅಪರಿಚಿತ. ನಮ್ಮ ಹಳ್ಳಿಗಳಿಗೆ ಹಾಗೆ ಬರುತ್ತಿದ್ದವನು ತಂತಿವಾದ್ಯವನ್ನು ಹಿಡಿದ ಜೋಗಿ. ಅವನನ್ನು ಕಂಡರೆ ಮಕ್ಕಳಿಗೆ ಆಸೆಯೂ ಆಗುತ್ತಿತ್ತು, ಅಂಜಿಕೆಯೂ ಆಗುತ್ತಿತ್ತು. ಆ ಆಸೆ–ಅಂಜಿಕೆಗಳೆರಡೂ ‘ಕಿಂದರಿಜೋಗಿ’ ಎಂಬ ಒಂದೇ ಮಾತಿನಲ್ಲಿ ಬಂದುಬಿಟ್ಟವು. ಬ್ರೌನಿಂಗನ ಹೆಸರನ್ನೇ ಕೇಳದ ಎಷ್ಟೋ ಕನ್ನಡ ಮಕ್ಕಳು ಕಿಂದರಿಜೋಗಿಯನ್ನು ಬಲ್ಲರು. ಊರಿನ ಹೆಸರಿನಲ್ಲಿಯೂ ಆಗಲೇ ಹೇಳಿದ ಬೊಮ್ಮನಿದ್ದಾನೆ, ಬ್ರಹ್ಮನಿಲ್ಲ. ಬ್ರಹ್ಮಪುರವೆಂದಿದ್ದರೆ ಇಲಿಗಳು ಅಷ್ಟು ಸಲೀಸಾಗಿ ನುಗ್ಗುತ್ತಿರಲಿಲ್ಲವೇನೋ!

ಎರಡನೆಯ ನಿದರ್ಶನ ನಾ. ಕಸ್ತೂರಿಯವರದು. ಲೂಯಿ ಕ್ಯಾರಲ್ ೧೮೬೫ರಲ್ಲಿ ಪ್ರಕಟಿಸಿದ ಆಲಿಸಳ ಕಥೆಯನ್ನು ಅವರು ಕನ್ನಡಕ್ಕೆ ‘ಪಾತಾಳದಲ್ಲಿ ಪಾಪಚ್ಚಿ’ ಎಂದು ತಂದರು. ಆಲಿಸ್ ಎಂಬ ಹೆಸರನ್ನು ಹಾಗೆಯೇ ಇಟ್ಟಿದ್ದರೆ ಆಕೆ ದೂರದ ದೊರೆಸಾನಿಯ ಮಗಳಾಗಿ ಉಳಿಯುತ್ತಿದ್ದಳು. ಪಾಪಚ್ಚಿ ಎಂದೊಡನೆ ನಮ್ಮ ಮನೆಯ ಮುದ್ದಿನ ಕೂಸಾದಳು. ಪಾತಾಳವೆಂಬುದು ಇನ್ನೂ ಸೊಗಸು. ಇಂಗ್ಲಿಷ್ ಶೀರ್ಷಿಕೆಯಲ್ಲಿ ಇರುವುದು ಅದ್ಭುತಲೋಕವೆಂಬ ಮಾತು. ಆದರೆ ಕ್ಯಾರಲ್ ತನ್ನ ಮೊದಲ ಹಸ್ತಪ್ರತಿಗೆ ಇಟ್ಟಿದ್ದ ಹೆಸರಿಗೆ ನೆಲದಡಿಯಲ್ಲಿ ಆಲಿಸಳ ಸಾಹಸಗಳೆಂದೇ ಅರ್ಥ. ಪಾತಾಳವೆಂಬ ಪುರಾಣದ ಮಾತು ಆ ಮೊದಲ ಹೆಸರಿಗೇ ಹೋಗಿ ಸೇರಿತು. ಕಸ್ತೂರಿಯವರು ಕೇರಳದಲ್ಲಿ ಹುಟ್ಟಿದವರು. ಅವರ ಮನೆಮಾತು ಮಲಯಾಳ. ಬಂದ ನೆಲದ ಭಾಷೆಯಲ್ಲಿ ಮಕ್ಕಳ ಮುದ್ದುಮಾತನ್ನೂ ಹಿಡಿಯಬಲ್ಲವರಾದರು. ಹೊರನಾಡಿನಲ್ಲಿರುವ ನಮಗೆ ಇದು ನೆನೆಯಬೇಕಾದ ಸಂಗತಿ.

ಮೂರನೆಯದು ಜನಪದ ಕಥೆ. ಸಿಂಡರೆಲಾ ಎಂಬ ಇಂಗ್ಲಿಷ್ ಹೆಸರಿನಲ್ಲಿ ಒಲೆಯ ಬೂದಿಯಿದೆ. ಆ ಹುಡುಗಿ ಬೂದಿಯ ಬಳಿ ಕುಳಿತಿರುತ್ತಿದ್ದುದರಿಂದ ಆ ಹೆಸರು ಬಂದಿತು. ಅವಳಂಥ ಹುಡುಗಿಯ ಕಥೆ ಕನ್ನಡದಲ್ಲಿಯೂ ಇದೆ. ಎ. ಕೆ. ರಾಮಾನುಜನ್ ಅವರು ಅದನ್ನು ಸಂಗ್ರಹಿಸಿ ಲೋಕಕ್ಕೆ ಪರಿಚಯಿಸಿದರು. ಚಿನ್ನದ ಕೂದಲಿನ ಹುಡುಗಿಯೊಬ್ಬಳು ತನ್ನ ರೂಪವನ್ನು ಮರೆಸಿಕೊಳ್ಳಲು ಮಣ್ಣಿನ ಮುಖವಾಡವನ್ನು ತೊಡುತ್ತಾಳೆ. ಆ ಹಂಚಿನಿಂದಲೇ ಅವಳಿಗೆ ‘ಹಂಚಿ’ ಎಂದು ಹೆಸರು. ಅಲ್ಲಿ ಬೂದಿ, ಇಲ್ಲಿ ಹಂಚು. ಎರಡೂ ಒಲೆಯ ಬಳಿಯ ಬೆಲೆಯಿಲ್ಲದ ವಸ್ತುಗಳು. ಎರಡರ ಹಿಂದೆಯೂ ಚೆಲುವು ಅಡಗಿದೆ. ಓದುಬರಹ ಅರಿಯದ ನಮ್ಮ ಅಜ್ಜಿಯರು ಹೆಸರಿಡುವ ಕಲೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ಹಾಗಾದರೆ ಎಲ್ಲವನ್ನೂ ಕನ್ನಡಿಸಿಬಿಡೋಣವೇ? ಇಲ್ಲಿಯೇ ಎಚ್ಚರಿಕೆ ಬೇಕು. ಬಿ. ಎಂ. ಶ್ರೀಕಂಠಯ್ಯನವರು ೧೯೩೦ರ ಸುಮಾರಿನಲ್ಲಿ ಗ್ರೀಕ್ ಕವಿ ಸೊಫೋಕ್ಲಿಸನ ಏಯಾಸ್ ಎಂಬ ವೀರನ ನಾಟಕವನ್ನು ‘ಅಶ್ವತ್ಥಾಮನ್’ ಎಂಬ ರುದ್ರನಾಟಕವಾಗಿ ಮಾಡಿದರು. ಅಭಿಮಾನಭಂಗದಿಂದ ಬುದ್ಧಿಕೆಟ್ಟು ರಾತ್ರಿಯಲ್ಲಿ ಕೊಲೆಗೆಳಸಿದ ವೀರನಿಗೆ ನಮ್ಮ ಪುರಾಣಗಳಲ್ಲಿ ಇದಕ್ಕಿಂತ ಸಮನಾದ ಹೆಸರು ಸಿಕ್ಕುವುದು ಕಷ್ಟ. ನಾಟಕವೂ ಘನವಾದುದು. ಆದರೆ ಗ್ರೀಕ್ ವೀರನು ಕೊನೆಗೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯಬೇಕು. ನಮ್ಮ ಅಶ್ವತ್ಥಾಮನೋ ಚಿರಂಜೀವಿ! ಚಿರಂಜೀವಿಯು ಸಾಯುವುದೆಂತು ಎಂಬ ಆಕ್ಷೇಪಣೆ ಎದ್ದಿತು. ಹೆಸರನ್ನು ಎರವಲು ತಂದರೆ ಅದು ತನ್ನ ಕಥೆಯನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆಂಬುದಕ್ಕೆ ಇದು ಸಾಕ್ಷಿ.

ಕಾಲದಿಂದ ಕಾಲಕ್ಕೆ ರುಚಿಯೂ ಬದಲಾಗುತ್ತದೆ. ಮಾಟಗಾತಿಯರು ಬರುವ ಮ್ಯಾಕ್‌ಬೆತ್ ನಾಟಕವನ್ನು ೧೮೯೫ರಲ್ಲಿ ಎಂ. ಎಲ್. ಶ್ರೀಕಂಠೇಶಗೌಡರು ‘ಪ್ರತಾಪರುದ್ರದೇವ’ ಎಂದು ಕರೆದರು, ೧೯೩೬ರಲ್ಲಿ ಡಿ. ವಿ. ಗುಂಡಪ್ಪನವರು ಅದೇ ನಾಟಕವನ್ನು ಅದರ ಹೆಸರಿನಲ್ಲಿಯೇ ಅನುವಾದಿಸಿದರು. ಮೊದಲನೆಯವರ ಕಾಲಕ್ಕೆ ಪರದೇಶದ ಕಥೆಯನ್ನು ರಂಗದ ಮೇಲೆ ನಮ್ಮದಾಗಿಸಬೇಕಿತ್ತು. ಎರಡನೆಯವರ ಕಾಲಕ್ಕೆ ಓದುಗರು ಮೂಲದ ಪರಿಚಯವನ್ನೇ ಬಯಸಿದರು. ಎರಡೂ ಸರಿಯೇ, ಯಾರಿಗಾಗಿ ತರುತ್ತೇವೆ ಎಂಬುದು ಮುಖ್ಯ.

ನೆರೆಯ ಹಿಂದಿಯವರು ಏನು ಮಾಡಿದ್ದಾರೆಂಬುದನ್ನೂ ನೋಡಬೇಕು. ೧೮೮೮ರಲ್ಲಿ ದೇವಕೀನಂದನ ಖತ್ರಿಯವರು ಬರೆದ ‘ಚಂದ್ರಕಾಂತಾ’ ಎಂಬ ಮಾಯಾಜಾಲದ ಕಾದಂಬರಿಯಲ್ಲಿ ಖಳನ ಹೆಸರು ಕ್ರೂರಸಿಂಹ. ಅದನ್ನು ಕನ್ನಡಿಸುವ ಶ್ರಮವೇ ಬೇಡ. ೧೯೬೪ರಲ್ಲಿ ಆರಂಭವಾದ ಇಂದ್ರಜಾಲ ಚಿತ್ರಕಥೆಗಳಲ್ಲಿ ಅಮೆರಿಕದ ‘ಫ್ಯಾಂಟಮ್’ ಎಂಬ ವೀರನು ಹಿಂದಿಗೆ ‘ವ’ಕಾರದ ವೇತಾಳನಾಗಿ ಬಂದನು. ಅವನ ಕಾಡುದೇಶದ ಮೂಲ ಹೆಸರು ನಮ್ಮ ಬಂಗಾಳವೆಂದು ಕೇಳಿಸುತ್ತಿದ್ದುದರಿಂದ ಇಲ್ಲಿ ಅದನ್ನು ಡೆಂಕಾಲಿ ಎಂದು ಬದಲಿಸಿದರು. ಸಿಂಗ್ ಎಂಬ ಕಡಲುಗಳ್ಳರನ್ನು ಸಿಂಗಾ ಎಂದರು. ನಿಜವಾದ ಜನರ ಮನಸ್ಸು ನೋಯದಂತೆ ಹೆಸರನ್ನು ಬದಲಿಸುವುದೂ ಒಂದು ವಿವೇಕ.

ಹ್ಯಾರಿ ಪಾಟರನ ಹಿಂದಿ ಅನುವಾದವನ್ನು ಇಲ್ಲಿನ ಮಕ್ಕಳು ಓದಿರಬಹುದು. ಹ್ಯಾರಿಯು ಅಲ್ಲಿಯೂ ಹ್ಯಾರಿಯೇ. ಆದರೆ ಶಾಲೆಯ ನಾಲ್ಕು ಮನೆಗಳಿಗೆ ಗರುಡದ್ವಾರ್, ನಾಗಶಕ್ತಿ, ಮೆಹನತ್‌ಕಶ್, ಚೀಲ್‌ಘಾತ್ ಎಂದು ಅರ್ಥವುಳ್ಳ ಹೆಸರುಗಳನ್ನಿಟ್ಟಿದ್ದಾರೆ. ಉಸಿರಿನಿಂದ ಸುಖವನ್ನು ಹೀರುವ ಭೂತಗಳಿಗೆ ‘ದಮಪಿಶಾಚ್’ ಎಂದು ಹೆಸರು. ಮೂಲದ ಇಂಗ್ಲಿಷ್ ಮಾತಿನ ಮೊದಲ ಧ್ವನಿಯೂ ಅದರಲ್ಲಿದೆ, ಅರ್ಥವೂ ಇದೆ. ಇದು ಜಾಣತನವೆಂದು ಯಾರೂ ಒಪ್ಪಬೇಕು.

ಟೋಲ್ಕಿನ್ ಅವರಿಗೆ ತಮ್ಮ ಪುಸ್ತಕದ ಡಚ್ ಮತ್ತು ಸ್ವೀಡಿಷ್ ಅನುವಾದಗಳಲ್ಲಿ ಹೆಸರುಗಳು ಪಟ್ಟ ಪಾಡನ್ನು ಕಂಡು ಬಹಳ ಅಸಮಾಧಾನವಾಯಿತು. ಮುಂದಿನ ಅನುವಾದಕರಿಗಾಗಿ ಅವರು ಹೆಸರುಗಳ ಒಂದು ಕೈಪಿಡಿಯನ್ನೇ ಬರೆದರು. ಅದು ಅವರು ತೀರಿಕೊಂಡ ಮೇಲೆ ೧೯೭೫ರಲ್ಲಿ ಅಚ್ಚಾಯಿತು. ಅದರ ತಿರುಳು ಎರಡೇ ಮಾತು: ತಮ್ಮ ಪಟ್ಟಿಯಲ್ಲಿ ಇಲ್ಲದ ಹೆಸರುಗಳನ್ನು ಮುಟ್ಟಬಾರದು, ಪಟ್ಟಿಯಲ್ಲಿರುವ, ಓದುಗನಿಗೆ ಅರ್ಥವಾಗಬೇಕಾದ ಹೆಸರುಗಳನ್ನು ಅರ್ಥಾನುಸಾರವಾಗಿ ತಿರುಗಿಸಬೇಕು. ಮಾತನಾಡುವ ಮುದಿ ಮರದ ಹೆಸರು ಅಂಥದು. ನಾವು ಅವನನ್ನು ಮರಗಡ್ಡದಜ್ಜ ಎನ್ನಬಹುದು. ಬ್ಯಾಗಿನ್ಸ್ ಎಂಬ ಮನೆತನದ ಹೆಸರಿನಲ್ಲಿ ಚೀಲದ ಅರ್ಥ ಉಳಿಯಬೇಕೆಂದು ಅವರು ಬಯಸಿದರು. ಧಾರವಾಡ, ಬಿಜಾಪುರಗಳ ಕಡೆಯವರಿಗೆ ಇದು ಕಷ್ಟವೇ? ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ ಎಂಬ ಮನೆತನಗಳಿರುವ ನಾಡಿನಲ್ಲಿ ‘ಚೀಲದ’ ಎಂಬ ಇನ್ನೊಂದು ಮನೆತನ ಸೇರಿದರೆ ಯಾರೂ ತಿರುಗಿ ನೋಡರು!

ಇಷ್ಟನ್ನೂ ನೋಡಿದ ಮೇಲೆ ನನ್ನ ಅಲ್ಪಮತಿಗೆ ತೋಚಿದ ಸೂತ್ರ ಇದು. ಹೆಸರು ಬರಿಯ ವ್ಯಕ್ತಿನಾಮವಾದರೆ, ಅದರ ಒಡೆಯರು ಕರೆಯುವಂತೆ ಆದಷ್ಟು ಹತ್ತಿರವಾಗಿ ಉಚ್ಚರಿಸಿ, ಕನ್ನಡದ ವಿಭಕ್ತಿಯನ್ನು ಹಚ್ಚಿ ಬಳಸಬೇಕು. ಹೆಸರಿನ ಅರ್ಥದ ಮೇಲೆ ಕಥೆ ನಿಂತಿದ್ದರೆ ಆ ಅರ್ಥವನ್ನು ಕನ್ನಡದಲ್ಲಿ ಹೊಸದಾಗಿ ಹುಟ್ಟಿಸಬೇಕು. ಕಥೆಯನ್ನೇ ನಮ್ಮ ನೆಲಕ್ಕೆ ಕಿತ್ತು ನೆಡುವುದಾದರೆ ಮಾತ್ರ ಹೆಸರು, ಊರು, ನದಿ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಅರೆಬರೆ ಮಾಡಬಾರದು. ಹರಿ ಎಂಬ ಹುಡುಗ ಲಂಡನ್ನಿನಲ್ಲಿ ರೈಲು ಹತ್ತಿದರೆ ಹರಿಗೂ ಸುಖವಿಲ್ಲ, ಲಂಡನ್ನಿಗೂ ಸುಖವಿಲ್ಲ.

ಹೊರನಾಡ ಕನ್ನಡಿಗರಾದ ನಮಗೆ ಈ ಸೂತ್ರದ ಮೊದಲ ಭಾಗ ಬೇಗ ಮನಸ್ಸಿಗೆ ಹತ್ತಬೇಕು. ನಮ್ಮ ಹೆಸರುಗಳನ್ನು ಇಲ್ಲಿನ ಅರ್ಜಿಗಳಲ್ಲಿಯೂ ಹಾಜರಿ ಪುಸ್ತಕಗಳಲ್ಲಿಯೂ ಹೇಗೆಂದರೆ ಹಾಗೆ ಬರೆದಾಗ ನಮಗೆ ಸಂಕಟವಾಗುತ್ತದೆ. ಊರಿನ ಹೆಸರನ್ನು ಮನೆತನದ ಹೆಸರೆನ್ನುವರು, ತಂದೆಯ ಹೆಸರಿನಿಂದ ಮಗನನ್ನು ಕೂಗುವರು. ‘ನನ್ನ ಹೆಸರು ಹಾಗಲ್ಲ, ಹೀಗೆ’ ಎಂದು ತಿದ್ದಿ ತಿದ್ದಿ ಸೋತವರು ಈ ಸಭೆಯಲ್ಲಿ ಹಲವರಿರಬಹುದು. ನಮ್ಮ ಹೆಸರನ್ನು ಇತರರು ಆದರದಿಂದ ಕರೆಯಲಿ ಎಂದು ಬಯಸುವವರು ಇತರರ ಹೆಸರನ್ನು, ಅದು ಕಟ್ಟುಕಥೆಯ ಹುಡುಗಿಯದೇ ಆಗಿರಲಿ, ಆದರದಿಂದ ಕರೆಯಲು ಕಲಿಯಬೇಕು. ಮಗುವಿಗೆ ಈ ಸಂಸ್ಕಾರವನ್ನು ಕೊಡಲು ಕಥೆಯ ಹೊತ್ತಿಗಿಂತ ಒಳ್ಳೆಯ ಹೊತ್ತಿಲ್ಲ.

ಸೂತ್ರದ ಎರಡನೆಯ ಭಾಗ, ಹೊಸ ಹೆಸರನ್ನು ಹುಟ್ಟಿಸುವುದು, ಮಕ್ಕಳಿಗೇ ಬಿಟ್ಟ ಕೆಲಸ. ತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೆ. ಮಗು ಓದುತ್ತಿರುವ ಇಂಗ್ಲಿಷ್ ಕಥೆಯನ್ನೇ ವಾರಕ್ಕೊಂದು ರಾತ್ರಿ ಕನ್ನಡದಲ್ಲಿ ಹೇಳಿ. ಅರ್ಥವುಳ್ಳ ಹೆಸರು ಬಂದಾಗ ನಿಲ್ಲಿಸಿ, ‘ಇದಕ್ಕೆ ನಮ್ಮಲ್ಲಿ ಏನನ್ನೋಣ, ಕಂದ?’ ಎಂದು ಕೇಳಿ. ಮಗು ಹೇಳಿದ್ದು ಸೊಟ್ಟಗಿದ್ದರೂ ಚಿಂತೆಯಿಲ್ಲ. ಒಂದು ಪುಸ್ತಕದಲ್ಲಿ ಅದನ್ನು ಕನ್ನಡ ಅಕ್ಷರಗಳಲ್ಲಿ ಅದರ ಕೈಯಿಂದಲೇ ಬರೆಸಿ. ಅಕ್ಷರವೂ ಕಲಿತಂತಾಯಿತು, ಹೆಸರಿಡುವ ಅಧಿಕಾರವೂ ಬಂದಂತಾಯಿತು. ತಾನು ಹೆಸರಿಟ್ಟ ರಾಕ್ಷಸನನ್ನು ಯಾವ ಮಗುವೂ ಮರೆಯುವುದಿಲ್ಲ; ಯಾವ ಭಾಷೆಯಲ್ಲಿ ಹೆಸರಿಟ್ಟಿತೋ ಆ ಭಾಷೆಯನ್ನೂ ಮರೆಯುವುದಿಲ್ಲ. ಪರೀಕ್ಷೆಗೆ ಓದಲು ಈ ಬಡಾವಣೆಗೆ ಬಂದು ಬಾಡಿಗೆ ಕೋಣೆಗಳಲ್ಲಿರುವ ನಮ್ಮ ತರುಣ ತರುಣಿಯರೂ ಬಿಡುವಿದ್ದಾಗ ಇಂಥ ಕೂಟಕ್ಕೆ ಬರಬಹುದು. ಊರಿನಲ್ಲಿ ಕೇಳಿದ ಕಥೆಗಳು ಅವರ ಬಾಯಲ್ಲಿ ಇನ್ನೂ ಬಿಸಿಯಾಗಿವೆ.

ಕೆಲವರು ಕೇಳಬಹುದು: ಇಷ್ಟೆಲ್ಲ ಏಕೆ, ಮೂಲವನ್ನು ಮೂಲದಲ್ಲಿಯೇ ಓದಿಕೊಳ್ಳಲಿ ಎಂದು. ಓದಿಕೊಳ್ಳಲಿ, ಯಾರೂ ಬೇಡವೆನ್ನರು. ಇಂಗ್ಲಿಷಿನಲ್ಲಿ ಓದಿದ ಕಥೆಯನ್ನು ಕನ್ನಡದಲ್ಲಿ ಹೇಳಬಲ್ಲ ಮಗುವಿಗೆ ಎರಡು ಮನೆಗಳ ಬೀಗದ ಕೈ ಇರುತ್ತದೆ. ಹೇಳಲಾರದ ಮಗುವಿಗೆ ಒಂದೇ ಇರುತ್ತದೆ, ಅದೂ ಅಜ್ಜಿಯ ಮನೆಯದಲ್ಲ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಆ ಮಗು ತಾನು ಮೆಚ್ಚಿದ ಕಥೆಯನ್ನು ಅಜ್ಜಿಗೆ ಹೇಳಲಾರದೆ ಸುಮ್ಮನೆ ಕುಳಿತಿದ್ದರೆ, ನಷ್ಟವಾಗುವುದು ಅಜ್ಜಿಗೊಬ್ಬಳಿಗೇ ಅಲ್ಲ.

ಹೆಸರಿನ ಹೊಸ್ತಿಲು ಎತ್ತರವಾದುದೇನಲ್ಲ. ಕೇಶಿರಾಜನಿಂದ ಕುವೆಂಪುವಿನವರೆಗೆ ಹಲವರು ದಾಟಿ ಅದನ್ನು ಸವೆಸಿಟ್ಟಿದ್ದಾರೆ. ನಾವೂ ಮಕ್ಕಳ ಕೈಹಿಡಿದು ಒಂದು ಹೆಜ್ಜೆ ಇಡೋಣ.